ಇನ್ನೊಬ್ಬರ ಉಸಿರು

ನಾನು ಒಂದು ಉಸಿರು ನೋಡುವ ಯಂತ್ರ. ಗೇಣುದ್ದ ಮೈ, ತಲೆಯ ಮೇಲೊಂದು ಕೊಳವೆ, ಎದೆಯ ಮೇಲೆ ಎರಡು ಬೆರಳಗಲದ ಗಾಜು. ಊದಿದವರ ಉಸಿರಿನಲ್ಲಿ ಮದ್ಯ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂದು ಅಂಕಿಯಲ್ಲಿ ಹೇಳುವುದು ನನ್ನ ಕಸುಬು. ರಸ್ತೆಯಲ್ಲಿ ಪೊಲೀಸರು ಸ್ಕೂಟರ್ ನಿಲ್ಲಿಸಿ ಬಾಯಿಗೆ ಹಿಡಿಯುತ್ತಾರಲ್ಲ, ಅವನು ನನ್ನ ದಾಯಾದಿ. ನನ್ನದು ಅವನಿಗಿಂತ ಸ್ವಲ್ಪ ಎತ್ತರದ ನೌಕರಿ. ವಿಮಾನ ಹಾರಿಸುವವರು ಹಾರಿಸುವುದಕ್ಕೆ ಮೊದಲು ನನ್ನ ಮುಂದೆ ನಿಂತು ಊದಲೇಬೇಕು. ಹೀಗೆ ಹೇಳಿಕೊಳ್ಳುವುದರಲ್ಲಿ ಒಂದು ಕಾಲಕ್ಕೆ ನನಗೆ ಬಹಳ ಜಂಬವಿತ್ತು. ಈಗ ಇಲ್ಲ. ಆ ಜಂಬ ಎಲ್ಲಿ ಹೋಯಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ, ಬಿಳಿ ಕೈಗವಸು ಹಾಕಿಕೊಂಡ ಹೆಂಗಸೊಬ್ಬಳ ಮೇಜಿನ ಮೇಲೆ. ಅವಳು ಅಳೆದಿಟ್ಟ ಮದ್ಯದ ಗಾಳಿಯನ್ನು ನನ್ನೊಳಗೆ ಬಿಟ್ಟು ಇಷ್ಟಿದ್ದರೆ ಇಷ್ಟೇ ಹೇಳಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ತಿದ್ದಿದಳು. ಮಗುವಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸಿದ ಹಾಗೆ. ಆಮೇಲೆ ಶುದ್ಧ ಗಾಳಿ ಬಿಟ್ಟಳು. ನನ್ನ ಗಾಜಿನ ಮೇಲೆ ಸೊನ್ನೆಗಳು ಸಾಲಾಗಿ ಕೂತವು. ಅವಳು ನನ್ನ ಬೆನ್ನಿಗೆ ಚೀಟಿ ಅಂಟಿಸಿ ಪಕ್ಕಕ್ಕಿಟ್ಟಳು. ಶಾಲೆಯಲ್ಲಿ ಸೊನ್ನೆ ಬಂದರೆ ಮಕ್ಕಳು ಅಳುತ್ತವಂತೆ. ನನ್ನ ಮುಂದೆ ಸೊನ್ನೆ ಬಂದವರೇ ನಗುತ್ತಾ ಹೋಗುವುದು.

ಪೆಟ್ಟಿಗೆಯೊಳಗೆ ಹತ್ತು ಕಡೆ ಇಳಿದು ಹತ್ತಿ ಕೊನೆಗೆ ಕಣ್ಣು ಬಿಟ್ಟದ್ದು ಹುಬ್ಬಳ್ಳಿಯಲ್ಲಿ. ಕಂಪನಿಯ ಹೆಸರು ಮಲಪ್ರಭಾ ಏರ್. ಹೆಸರು ದೊಡ್ಡ ಹೊಳೆಯದು, ಆದರೆ ಕಂಪನಿ ಹಳ್ಳದಷ್ಟೇ ಇತ್ತು: ನಾಲ್ಕು ಸಣ್ಣ ವಿಮಾನ, ರೆಕ್ಕೆಗೊಂದೊಂದು ಫ್ಯಾನಿನವು. ಸಣ್ಣ ಊರುಗಳ ನಡುವೆ ಬೆಳಿಗ್ಗೆ ಹೋಗಿ ಸಂಜೆ ಬರುವ ಓಡಾಟ. ಪೈಲಟ್‌ಗಳು ಕೂರುವ ಕೋಣೆಯ ಮೂಲೆಯ ಮೇಜು ನನ್ನ ಜಾಗ.

ನನ್ನನ್ನು ಕೈಗೆತ್ತಿಕೊಂಡವಳು ರತ್ನವ್ವ ಹಂಚಿನಮನಿ. ಹದಿನೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ಈ ಕೆಲಸಕ್ಕೆ ಬಂದವಳು. ಎಲ್ಲರಿಗೂ ರತ್ನಕ್ಕ. ಪೈಲಟ್‌ಗಳು ಊದುವ ಮೊದಲು ಪರೀಕ್ಷೆ ಮಾಡುವವರೇ ಊದಿ, ಯಂತ್ರ ಸರಿಯಾಗಿದೆ ಎಂದು ನೋಡಿಕೊಳ್ಳಬೇಕು. ಆ ಊದಿಗೆ ಹೆಸರಿಲ್ಲ, ಚೀಟಿ ಬರುವುದಿಲ್ಲ. ಹಾಗಾಗಿ ದಿನಾ ನನ್ನೊಳಗೆ ಬರುತ್ತಿದ್ದ ಮೊದಲ ಉಸಿರು ರತ್ನಕ್ಕನದು. ಒಗ್ಗರಣೆ ಅವಲಕ್ಕಿ, ಹಸಿ ಈರುಳ್ಳಿ, ಮೇಲೊಂದು ಲವಂಗ. ಸೊನ್ನೆ. "ಹೂಂ, ನಾ ಶುದ್ಧ ಇದೀನಿ. ಈಗ ನೀವು ಬರ್ರಿ" ಎಂದು ಆಕೆ ಕರೆದರೆ ದೊಡ್ಡ ದೊಡ್ಡ ಕ್ಯಾಪ್ಟನ್‌ಗಳು ಲಸಿಕೆಗೆ ನಿಂತ ಹುಡುಗರ ಹಾಗೆ ಸಾಲು ಹಿಡಿಯುತ್ತಿದ್ದರು.

ನಾನು ಜನರನ್ನು ಕೆಳಗಿನಿಂದ ನೋಡಿದವನು. ನನಗೆ ಗೊತ್ತಿರುವುದು ಗದ್ದ, ತುಟಿ, ಮೂಗಿನ ಹೊಳ್ಳೆ, ಹೆಗಲ ಮೇಲಿನ ಪಟ್ಟಿ. ಎರಡು ಪಟ್ಟಿ ಇದ್ದರೆ ಕೋ-ಪೈಲಟ್, ವಿಮಾನದ ಬಲಗಡೆಯ ಸೀಟು. ನಾಲ್ಕಿದ್ದರೆ ಕ್ಯಾಪ್ಟನ್, ಎಡಗಡೆಯ ಸೀಟು. ಎರಡರಿಂದ ನಾಲ್ಕಕ್ಕೆ ಹೋಗುವ ದಾರಿಯಲ್ಲೇ ಈ ಜನರ ಆಯುಷ್ಯ ಸವೆಯುತ್ತದೆ. ಗೋಡೆಯ ಮೇಲೆ ಹಿರಿತನದ ಒಂದು ಪಟ್ಟಿ ಅಂಟಿಸಿದ್ದರು, ಯಾರ ನಂತರ ಯಾರು ಕ್ಯಾಪ್ಟನ್ ಆಗಬೇಕು ಎಂದು. ಬಂದವರು ಗಡಿಯಾರ ನೋಡುವುದಕ್ಕಿಂತ ಮೊದಲು ಅದನ್ನು ನೋಡುತ್ತಿದ್ದರು.

ಆ ಪಟ್ಟಿಯ ಕೊನೆಯ ಹೆಸರಾಗಿ ಒಂದು ಬೆಳಿಗ್ಗೆ ಬಂದವಳು ದಾಕ್ಷಾಯಣಿ ಉಪ್ಪಿನ. ಅಣ್ಣಿಗೇರಿ ಕಡೆಯ ಹುಡುಗಿ. ಗದ್ದದ ಕೆಳಗೆ ಸಣ್ಣ ಹೊಲಿಗೆಯ ಗುರುತು. ಸೈಕಲ್ ಕಲಿಯುವಾಗ ಬಿದ್ದದ್ದಂತೆ. ಮೊದಲ ದಿನ ಅವಳು ಎಷ್ಟು ಜೋರಾಗಿ ಊದಿದಳೆಂದರೆ ಕೆಮ್ಮು ಬಂದು ಕಣ್ಣಲ್ಲಿ ನೀರಾಡಿತು. "ಸಾವಕಾಶ ತಂಗಿ, ಇದು ಒಲಿ ಅಲ್ಲ" ಎಂದಳು ರತ್ನಕ್ಕ. ಅವತ್ತಿನಿಂದ ಅವರಿಬ್ಬರಿಗೂ ಕೂಡಿಬಂತು. ಹಾರಾಟ ತಡವಾದ ದಿನಗಳಲ್ಲಿ ದಾಕ್ಷಾಯಣಿ ರತ್ನಕ್ಕನ ಡಬ್ಬಿ ತೆಗೆದು ಕೂರುತ್ತಿದ್ದಳು. ವಾರ್ಡಿನಲ್ಲಿ ಅವಳಿ ಮಕ್ಕಳು ಹುಟ್ಟಿದ್ದು, ಡಾಕ್ಟರು ಮೂರ್ಛೆ ಹೋದದ್ದು, ಎಲ್ಲ ಕಥೆಯೂ ನನ್ನ ಮೇಜಿನ ಮೇಲೇ ಬಿಚ್ಚಿಕೊಳ್ಳುತ್ತಿತ್ತು.

ವರ್ಷ ಮೂರಾಯಿತು. ಪಟ್ಟಿಯಲ್ಲಿ ದಾಕ್ಷಾಯಣಿಯ ಹೆಸರು ಮೆಲ್ಲಗೆ ಮೇಲೇರಿ ಮೂರನೆಯ ಸ್ಥಾನಕ್ಕೆ ಬಂತು, ಆಮೇಲೆ ಎರಡಕ್ಕೆ. ಇನ್ನೇನು ಕ್ಯಾಪ್ಟನ್ ತರಬೇತಿಗೆ ಕರೆ ಬರಬೇಕು, ಅಷ್ಟರಲ್ಲಿ ವಿಮಾನ ಬಾಡಿಗೆಗೆ ಕೊಟ್ಟವರು ಬಂದು ಎರಡನ್ನು ಹಾರಿಸಿಕೊಂಡು ಹೋದರು. ಮುಂದಿನ ತಿಂಗಳು ಉಳಿದೆರಡನ್ನೂ ಒಯ್ದರು. ಕಂಪನಿ ನಿಂತಿತು.

ಕೋಣೆಗೆ ಬೀಗ ಬೀಳುವ ದಿನ ನನ್ನ ಬ್ಯಾಟರಿ ಸಾಯದಂತೆ ನೋಡಿಕೊಳ್ಳಲು ರತ್ನಕ್ಕನಿಗೆ ಒಪ್ಪಿಸಿದರು. ಹೀಗೆ ನಾನು ಗೋಪನಕೊಪ್ಪದ ಅವಳ ಮನೆಗೆ ಹೋಗಿ, ದೇವರ ಗೂಡಿನ ಪಕ್ಕ ಗಡಿಯಾರದ ಕೆಳಗೆ ಕೂತೆ. ಸುದ್ದಿ ಹೇಗೆ ಹಬ್ಬಿತೋ, ಓಣಿಯ ಹೆಂಗಸರು ಗಂಡಂದಿರನ್ನು ಕೈಹಿಡಿದು ಕರೆತರತೊಡಗಿದರು. ಒಬ್ಬ ಬಾಯಿ ಮುಚ್ಚಿಕೊಂಡು ಮೂಗಿನಿಂದ ಊದಲು ನೋಡಿದ. ಇನ್ನೊಬ್ಬ ಊದುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡ. ಎಲ್ಲರೂ ನಕ್ಕರು. ವಿಮಾನದ ಮುಂದೆ ಕೂತಿದ್ದವನು ಸಾರಾಯಿ ಅಂಗಡಿಯಿಂದ ಬಂದವರ ಬಾಯಿಗೆ ಬಿದ್ದೆನಲ್ಲ ಎಂದು ನನಗೆ ಒಳಗೊಳಗೇ ನಾಚಿಕೆ. ಆಗ ಗೊತ್ತಿರಲಿಲ್ಲ, ಅದು ನಾಚಿಕೆಯೇ ಅಲ್ಲ ಎಂದು. ಆ ಓಣಿಯಲ್ಲಿ ನಾನು ಹೇಳಿದ್ದೆಲ್ಲ ನಿಜವಿತ್ತು.

ಕೆಲಸ ಹೋದ ಪೈಲಟ್‌ಗಳ ಸುದ್ದಿ ರತ್ನಕ್ಕನ ಫೋನಿನಲ್ಲಿ ಬರುತ್ತಿತ್ತು. ಒಬ್ಬ ಕೊಲ್ಲಿ ದೇಶಕ್ಕೆ ಹೋದ. ಒಬ್ಬ ಕ್ಯಾಪ್ಟನ್ ಮಾವನ ಖಾನಾವಳಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ; ಗಿರಾಕಿಗಳು ಇವತ್ತು ರೊಟ್ಟಿ ಎಷ್ಟು ಎತ್ತರಕ್ಕೆ ಉಬ್ಬಿವೆ ಕ್ಯಾಪ್ಟನ್ರ ಎಂದು ಕೇಳುತ್ತಿದ್ದರಂತೆ. ದಾಕ್ಷಾಯಣಿ ವಿದ್ಯಾನಗರದ ಟ್ಯೂಷನ್ ಕ್ಲಾಸಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟಳು. ಬೇರೆ ಕಂಪನಿಗಳಿಗೆ ಅರ್ಜಿ ಹಾಕಿದಳು. ಅಲ್ಲಿ ದೊಡ್ಡ ವಿಮಾನ ಗೊತ್ತಿದ್ದವರನ್ನೇ ಕೇಳುತ್ತಿದ್ದರು. ನಡುವೆ ಮದುವೆಯಾಯಿತು, ಬಸುರಿಯಾದಳು. ಒಂದು ದಿನ ಫೋನ್ ಮಾಡಿ, ಎರಡು ವರ್ಷದಿಂದ ನೆಲ ಬಿಟ್ಟಿಲ್ಲ ರತ್ನಕ್ಕ, ನನ್ನನ್ನು ಯಾರೂ ಪೈಲಟ್ ಅನ್ನುವುದೂ ಇಲ್ಲ ಎಂದಳಂತೆ.

ಆಮೇಲೆ ಹೊಸ ಮಾಲೀಕರು ಬಂದರು. ಅದೇ ಹೆಸರಿನಲ್ಲಿ ಮೂರು ವಿಮಾನದೊಂದಿಗೆ ಕಂಪನಿ ಮತ್ತೆ ಎದ್ದಿತು. ನಾನು ರಿಪೇರಿಯವರ ಹತ್ತಿರ ಹೋಗಿ ತಿದ್ದಿಸಿಕೊಂಡು ಹಳೆಯ ಮೇಜಿಗೆ ಮರಳಿದೆ. ಆದರೆ ಕಂಪನಿ ಎದ್ದಾಗ ದಾಕ್ಷಾಯಣಿ ತುಂಬಿದ ಬಸುರಿ. ಅವಳು ಹೆತ್ತು, ಆರೋಗ್ಯ ಪರೀಕ್ಷೆ ಮುಗಿಸಿ, ಮರುತರಬೇತಿ ದಾಟಿ ಬರುವಷ್ಟರಲ್ಲಿ ಹಿರಿತನದ ಪಟ್ಟಿ ಹೊಸದಾಗಿತ್ತು. ಅವಳ ಹೆಸರು ಮತ್ತೆ ಕೊನೆಯಲ್ಲಿತ್ತು. ಹಿಂದೆ ಅವಳಿಂದ ಲೆಕ್ಕ ಹೇಳಿಸಿಕೊಂಡ ಹುಡುಗರು ನಾಲ್ಕು ಪಟ್ಟಿ ಹಾಕಿಕೊಂಡು ಬರುತ್ತಿದ್ದರು. ಅವಳು ಅವರ ಬಲಗಡೆ ಕೂತು ಯೆಸ್ ಕ್ಯಾಪ್ಟನ್ ಎನ್ನಬೇಕು. ಗೋಡೆಯ ಪಟ್ಟಿಯನ್ನು ಅವಳು ನೋಡುವುದನ್ನೇ ಬಿಟ್ಟಳು.

ಒಂದು ದಿನ ಇಬ್ಬರು ಕ್ಯಾಪ್ಟನ್‌ಗಳು ಒಟ್ಟಿಗೆ ಕೆಲಸ ಬಿಟ್ಟರು. ಕಂಪನಿಗೆ ತುರ್ತಾಗಿ ಎಡಗಡೆಯ ಸೀಟಿಗೆ ಜನ ಬೇಕಾಯಿತು. ಅನುಭವ ನೋಡಿದರು, ದಾಕ್ಷಾಯಣಿಯನ್ನು ಕರೆದರು. ತರಬೇತಿ ಮುಗಿಯಿತು. ಕೊನೆಯ ಪರೀಕ್ಷೆಯ ಹಾರಾಟಕ್ಕೆ ದೂರದ ಊರಿನಿಂದ ಪರೀಕ್ಷಕರು ಬಂದರು. ಅವತ್ತು ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ಹೇಳುವವರಿರಲಿಲ್ಲ.

ಆ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ. ರತ್ನಕ್ಕ ಕೊಳವೆ ಬದಲಿಸಲು ಬಗ್ಗಿದವಳು ತಟ್ಟನೆ ತಲೆಯೆತ್ತಿ ಅವಳ ಮುಖದ ಹತ್ತಿರ ಮೂಗು ಒಯ್ದಳು.

"ತಂಗಿ, ಏನ್ ಕುಡದ ಬಂದಿ?"

"ಚಾ ಕುಡದೀನ್ರಿ."

"ಚಾ ಅಲ್ಲ. ಹದಿನೆಂಟ ವರ್ಷ ಬಾಣಂತ್ಯಾರ ನಡುವ ಇದ್ದೀನಿ. ದಶಮೂಲಾರಿಷ್ಟ ಕುಡದೀಯಲ್ಲ?"

ದಾಕ್ಷಾಯಣಿ ಹೌದೆಂದಳು. ಸೊಂಟದ ನೋವಿಗೆ ಅತ್ತೆ ದಿನಾ ರಾತ್ರಿ ಊಟದ ಮೇಲೆ ಎರಡು ಮುಚ್ಚಳ ಕೊಡುತ್ತಿದ್ದರು. ನಿನ್ನೆ ರಾತ್ರಿ ಓದುತ್ತಾ ಮರೆತಿದ್ದಳು. ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲಲ್ಲೇ ನಿಂತು, ನಿನ್ನೆಯದೂ ಸೇರಿಸಿ ಲೋಟದಲ್ಲಿ ಹಾಕಿ ಕುಡಿಸಿ, ಒಳ್ಳೆಯದಾಗಲಿ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಕೆಮ್ಮಿನ ಔಷಧ ಬೇಡ, ಬಾಯಿ ಮುಕ್ಕಳಿಸುವ ಔಷಧ ಬೇಡ ಎಂದು ಕಂಪನಿಯ ಕಾಗದದಲ್ಲಿ ಬರೆದಿತ್ತು. ಇಂಗ್ಲಿಷ್ ಔಷಧವೆಲ್ಲ ಅವಳಿಗೆ ನೆನಪಿತ್ತು. ಅರಿಷ್ಟ ನೆನಪಾಗಲಿಲ್ಲ. ಹೆರಿಗೆಯಾದ ಹೆಣ್ಣಿಗೆ ಅದು ಮದ್ಯವೆಂದು ಯಾವ ಮನೆಯಲ್ಲಿ ಹೇಳುತ್ತಾರೆ? ಭರಣಿಯಲ್ಲಿ ಹುಳಿತು ಹುಳಿತು ಅದರಲ್ಲಿ ತಾನಾಗಿಯೇ ಮದ್ಯ ಹುಟ್ಟಿರುತ್ತದೆ. ಬಾಣಂತಿಗೆ ಅದು ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ.

ರತ್ನಕ್ಕ ಸುತ್ತ ನೋಡಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಆಗಿನ್ನೂ ಅಲ್ಲಿಗೆ ಕ್ಯಾಮೆರಾ ಬಂದಿರಲಿಲ್ಲ. "ನನ್ನ ಪಾಳಿದು ಊದು ಮೊದಲ, ಹೆಸರಿಲ್ಲದ್ದು. ಏನ್ ಬರತೈತಿ ನೋಡೋಣು" ಎಂದಳು.

ದಾಕ್ಷಾಯಣಿ ಊದಿದಳು. ಬೆಲ್ಲ, ಬೇರು, ಹುಳಿ, ಅದರಡಿಯಲ್ಲಿ ಸಣ್ಣಗೆ ಉರಿಯುವ ಆ ಇನ್ನೊಂದು. ನಾನು ಕಲಿತದ್ದನ್ನೇ ಹೇಳಿದೆ. ಸೊನ್ನೆ ಬಿಂದು ಸೊನ್ನೆ ಒಂದು ನಾಲ್ಕು. ಅಷ್ಟರಿಂದ ಯಾರ ಕೈಯೂ ನಡುಗುವುದಿಲ್ಲ. ಆದರೆ ಈ ಕೆಲಸದಲ್ಲಿ ಅಷ್ಟು ಇಷ್ಟು ಎಂಬುದಿಲ್ಲ. ಸೊನ್ನೆ ಇರಬೇಕು, ಇಲ್ಲದಿದ್ದರೆ ಹೆಸರು ಮೇಲಿನವರಿಗೆ ಹೋಗಬೇಕು. ಆಮೇಲೆ ತಿಂಗಳುಗಟ್ಟಲೆ ಮನೆ. ಆಮೇಲೆ ಊರಿನ ಬಾಯಿ: ಹಾಲೂಡಿಸುವ ಹೆಂಗಸು ಕುಡಿದು ವಿಮಾನ ಹತ್ತಲು ಬಂದಿದ್ದಳಂತೆ.

ಹೊರಗೆ ಪರೀಕ್ಷಕರ ಬೂಟಿನ ಸದ್ದು ಕೇಳಿಸಿತು. ಸ್ಟೇಷನ್ ಮ್ಯಾನೇಜರ್ ಕಿತ್ತೂರ ಪರೀಕ್ಷಕರಿಗೆ ಚಹಾ ತರಿಸುವ ಮಾತಾಡುತ್ತಿದ್ದ. ರತ್ನಕ್ಕ ನನ್ನ ಗುಂಡಿ ಒತ್ತಿ ದಾಕ್ಷಾಯಣಿಯ ಹೆಸರು ತುಂಬಿದಳು. ಕೊಳವೆಯನ್ನು ತನ್ನ ಬಾಯಿಗಿಟ್ಟುಕೊಂಡಳು.

"ನಾ ಊದತೀನಿ. ನೀ ಆ ಕಡೆ ಮುಖ ಮಾಡು."

ದಾಕ್ಷಾಯಣಿ ಬೇಡ ಅನ್ನಬಹುದಿತ್ತು. ಅದಕ್ಕೆ ಹೊತ್ತಿತ್ತು, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ನನ್ನೊಳಗೆ ಬಂದದ್ದು ಅವಲಕ್ಕಿ, ಈರುಳ್ಳಿ, ಲವಂಗ. ನಾನು ದಿನಾ ನಂಬಿದ್ದ ಆ ಒಳ್ಳೆಯ ಉಸಿರು. ಸೊನ್ನೆ ಸೊನ್ನೆ ಸೊನ್ನೆ ಎಂದೆ. ಚೀಟಿ ಹೊರಬಂತು. ಅದರ ಮೇಲೆ ದಾಕ್ಷಾಯಣಿ ಉಪ್ಪಿನ ಎಂದು ಹೆಸರಿತ್ತು. ನಾನು ಹೇಳಿದ ಅಂಕಿ ನಿಜ, ನಾನು ಕೊಟ್ಟ ಚೀಟಿ ಸುಳ್ಳು. ಆ ಹೊತ್ತಿಗೆ ಕೆಟ್ಟು ನಿಲ್ಲಬೇಕಿತ್ತು ಅನ್ನಿಸಿತು. ಯಂತ್ರಗಳು ಬೇಡವಾದಾಗ ಕೆಡುತ್ತವೆ, ಬೇಕಾದಾಗ ಕೆಡುವುದಿಲ್ಲ.

ಪರೀಕ್ಷೆ ಚೆನ್ನಾಗಿ ಆಯಿತು. ಗಾಳಿ ಅಡ್ಡ ಬೀಸುತ್ತಿದ್ದರೂ ಚಕ್ರ ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ ಎಂದು ಪರೀಕ್ಷಕರು ಹೊಗಳಿದರು. ಕಿತ್ತೂರ ಧಾರವಾಡದಿಂದ ಪೇಡೆ ತರಿಸಿ ಹಂಚಿದ. ಮಾರನೆಯ ವಾರ ದಾಕ್ಷಾಯಣಿಯ ಹೆಗಲ ಮೇಲೆ ನಾಲ್ಕು ಪಟ್ಟಿ ಬಂತು. ಅವಳು ಒಳ್ಳೆಯ ಕ್ಯಾಪ್ಟನ್ ಆದಳು. ಹುಡುಗರು ಅವಳ ಜೊತೆ ಹಾರಲು ಪಾಳಿ ಬದಲಿಸಿಕೊಳ್ಳುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಮೂವರಿಗೂ ಬೈಸಿಕೊಂಡು ಹಗುರಾಗುವುದಾದರೂ ಸಾಧ್ಯವಿತ್ತು.

ಆದದ್ದು ಇಷ್ಟೇ. ಅವಳು ರತ್ನಕ್ಕನ ಡಬ್ಬಿ ತೆಗೆಯುವುದು ನಿಂತಿತು. ಊದುವುದು, ಚೀಟಿಗೆ ಸಹಿ ಹಾಕುವುದು, ಹೋಗುವುದು. ರತ್ನಕ್ಕ ತಂಗಿ ಅನ್ನುವುದನ್ನು ಬಿಟ್ಟು ಮೇಡಂ ಅನ್ನತೊಡಗಿದಳು. ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡವರು ಹತ್ತಿರವಾಗುತ್ತಾರೆ ಅನ್ನುತ್ತಾರೆ. ಇವರು ಒಬ್ಬರನ್ನೊಬ್ಬರು ನೋಡಲಾರದೆ ಹೋದರು. ಉಳಿದ ಪೈಲಟ್‌ಗಳು ಇವರಿಗೇನು ಜಗಳವಾಯಿತೋ ಎಂದು ಮಾತಾಡಿಕೊಂಡರು. ಅದನ್ನೂ ನಾನು ಕೇಳಿಸಿಕೊಂಡೆ. ಬೆಳಿಗ್ಗೆ ರತ್ನಕ್ಕನ ಮೊದಲ ಉಸಿರು ಬಂದಾಗ ಸೊನ್ನೆ ಹೇಳಲು ನನಗೇ ಮುಜುಗರವಾಗುತ್ತಿತ್ತು. ಆ ಸೊನ್ನೆಯನ್ನು ನಾನು ಒಮ್ಮೆ ಬೇರೆಯವರಿಗೆ ಕೊಟ್ಟಿದ್ದೆನಲ್ಲ.

ಹೀಗೆ ಎರಡು ವರ್ಷ. ಕೋಣೆಗೆ ಕ್ಯಾಮೆರಾ ಬಂತು. ಕ್ರಿಸ್‌ಮಸ್ ಕಳೆದ ಮಾರನೆಯ ಬೆಳಿಗ್ಗೆ ಸ್ವಿತಿನ್ ಎಂಬ ಕೋ-ಪೈಲಟ್ ಊದಿದ. ಕಾರವಾರದ ಹುಡುಗ, ಕೆಲಸಕ್ಕೆ ಸೇರಿ ಆರು ತಿಂಗಳು. ನನ್ನ ಗಾಜಿನ ಮೇಲೆ ಸೊನ್ನೆ ಬಿಂದು ಸೊನ್ನೆ ಒಂದು ಒಂಬತ್ತು ಬಂತು. ಅವನ ತುಟಿಯ ರಕ್ತವೇ ಇಳಿದುಹೋಯಿತು. ಕುಡಿದಿಲ್ಲ, ಅಮ್ಮ ಕಳಿಸಿದ ಕೇಕ್ ಬರುವಾಗ ಕಾರಿನಲ್ಲಿ ತಿಂದೆ ಅಷ್ಟೇ ಎಂದ. ಅವನ ತಾಯಿ ಸೆಪ್ಟೆಂಬರಿನಿಂದಲೇ ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಹಾಕಿಡುತ್ತಾಳಂತೆ.

ಕಿತ್ತೂರ ಒಳಗೆ ಬಂದ. ಕೆಟ್ಟವನಲ್ಲ, ಆದರೆ ವಿಮಾನ ಐದು ನಿಮಿಷ ತಡವಾದರೂ ಹತ್ತು ಸಲ ಗಡಿಯಾರ ನೋಡುವವನು. "ಹಬ್ಬ ಜೋರ್ ಆತೇನಪಾ?" ಎಂದ. ಬದಲಿ ಕೋ-ಪೈಲಟ್ ಸಿದ್ಧನಿದ್ದಾನೆ, ಇವನದು ಬರೆದು ಮುಗಿಸಿ, ಕ್ಯಾಪ್ಟನ್ ಸಾಕ್ಷಿ ಸಹಿ ಹಾಕಲಿ ಎಂದ. ಕಾಗದವನ್ನು ಅವತ್ತಿನ ಕ್ಯಾಪ್ಟನ್ ಮುಂದೆ ಚಾಚಿದ. ಕ್ಯಾಪ್ಟನ್ ದಾಕ್ಷಾಯಣಿ.

ಅವಳು ಪೆನ್ನು ಮುಟ್ಟಲಿಲ್ಲ. ಬಾಯಿ ತೊಳೆಸಿ ಇಪ್ಪತ್ತು ನಿಮಿಷ ಕಾಯಿಸಿ ಮತ್ತೊಮ್ಮೆ ಊದಿಸಬೇಕು, ನಿಯಮ ಹಾಗೇ ಇದೆ ಎಂದಳು. ಎಪ್ಪತ್ತು ಪ್ರಯಾಣಿಕರು ಕಾಯುತ್ತಿದ್ದಾರೆ ಎಂದ ಕಿತ್ತೂರ. "ಕಾಯಲಿ. ಇವನ ಮಗ್ಗಲಾಗ ಕೂತು ಹಾರಸಾಕಿ ನಾನು. ಇವನ ಉಸಿರಿನ ಖರೆ ನನಗ ಬೇಕು" ಎಂದಳು.

ಸ್ವಿತಿನ್ ಬಾಯಿ ತೊಳೆದು ಬಂದು ಕುರ್ಚಿಯಲ್ಲಿ ಕೂತ. ರತ್ನಕ್ಕ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಇಪ್ಪತ್ತು ನಿಮಿಷವಾದ ಮೇಲೆ ಅವನು ಊದಿದ. ಸೊನ್ನೆ ಸೊನ್ನೆ ಸೊನ್ನೆ. ಬಾಯಿಯಲ್ಲಿ ಉಳಿದಿದ್ದ ಕೇಕಿನ ಪಸೆ ಆರಿಹೋಗಿತ್ತು. ಅವನ ಸ್ವಂತ ಸೊನ್ನೆ. ಹುಡುಗ ಮುಖ ಮುಚ್ಚಿಕೊಂಡು ಒಂದು ಸಲ ಜೋರಾಗಿ ಉಸಿರು ಬಿಟ್ಟು ಟೋಪಿ ಎತ್ತಿಕೊಂಡು ಓಡಿದ. ಕಿತ್ತೂರ ಅವನ ಹಿಂದೆಯೇ ಓಡಿದ.

ದಾಕ್ಷಾಯಣಿ ಮಾತ್ರ ಅಲ್ಲೇ ಉಳಿದಳು. ಕ್ಯಾಮೆರಾಕ್ಕೆ ಬೆನ್ನು ಮಾಡಿ ಮೆಲ್ಲಗೆ ಹೇಳಿದಳು.

"ಅಕ್ಕಾರ, ಅವತ್ತ ನಾವು ಇಪ್ಪತ್ತ ನಿಮಿಷ ಕಾಯಲಿಲ್ಲ."

"ಕಾದಿದ್ರ ಏನ್ ಬರತಿತ್ತೋ, ಯಾರಿಗ್ಗೊತ್ತು?"

"ಅದ ಹೇಳಾಕತ್ತೀನಿ. ಇನ್ನ ಯಾವತ್ತೂ ಗೊತ್ತಾಗೂದಿಲ್ಲ."

ನನಗೂ ಗೊತ್ತಿಲ್ಲ. ಒಂದು ಲೋಟ ಅರಿಷ್ಟ ಒಂದು ತುಂಡು ಕೇಕಿನ ಹಾಗಲ್ಲ, ಅಂಕಿ ಸೊನ್ನೆಗೆ ಇಳಿಯುತ್ತಿತ್ತೋ ಇಲ್ಲವೋ. ಆದರೆ ಅವಳಿಗೆ ತನ್ನ ಸ್ವಂತ ಸೊನ್ನೆ ಸಿಗುವ ಒಂದು ಸಾಧ್ಯತೆ ಇತ್ತು. ಹೆದರಿ ಇನ್ನೊಬ್ಬರ ಉಸಿರನ್ನು ಎರವಲು ಪಡೆದಳು, ನಾನು ಅದಕ್ಕೆ ಮುದ್ರೆ ಒತ್ತಿದೆ.

ಎಲ್ಲವನ್ನೂ ಬರೆದು ಮೇಲಿನವರಿಗೆ ಕಳಿಸುತ್ತೇನೆ ಎಂದಳು ದಾಕ್ಷಾಯಣಿ. ರತ್ನಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮಾರ್ಚಿಗೆ ತನ್ನ ನಿವೃತ್ತಿ, ಅಲ್ಲಿಯವರೆಗೆ ತಡೆ, ಕಳ್ಳಿ ಅನ್ನಿಸಿಕೊಂಡು ಈ ಬಾಗಿಲು ದಾಟಲಾರೆ ಎಂದಳು. ಹೇಳಿದ ಮೇಲೆ ಆ ಮಾತಿಗೇ ನಾಚಿಕೊಂಡವಳ ಹಾಗೆ ಸೆರಗಿನಿಂದ ನನ್ನ ಗಾಜು ಒರೆಸತೊಡಗಿದಳು. ಅದು ಆಗಲೇ ಸ್ವಚ್ಛವಾಗಿತ್ತು. ದಾಕ್ಷಾಯಣಿ ಆಗಲಿ ಎಂದಳು.

ಆ ಮೂರು ತಿಂಗಳು ಬಹಳ ಉದ್ದವಿದ್ದವು. ತಡೆಯುವುದು ಒಂದು ಅಭ್ಯಾಸ; ತಡೆದಷ್ಟೂ ಇನ್ನಷ್ಟು ತಡೆಯಬಹುದು ಅನ್ನಿಸುತ್ತದೆ. ಫೆಬ್ರವರಿಯಲ್ಲಿ ಕಂಪನಿ ದಾಕ್ಷಾಯಣಿಯನ್ನು ಹೊಸಬರಿಗೆ ಕಲಿಸುವ ಕ್ಯಾಪ್ಟನ್ ಮಾಡುವ ಮಾತೆತ್ತಿತು. ಕಿತ್ತೂರ ಅಭಿನಂದನೆ ಹೇಳಿದಾಗ ಅವಳು ಬೇಡ ಅನ್ನಲಿಲ್ಲ. ಅದನ್ನು ನಾನು ಮೇಜಿನ ಮೇಲಿಂದ ಕಂಡೆ. ಇನ್ನು ಇವಳು ಬರೆಯುವುದಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡಾಗ ನನಗೆ ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ. ಅವಳ ಗುಟ್ಟು ಉಳಿದರೆ ನನ್ನದೂ ಉಳಿಯುತ್ತಿತ್ತು.

ಮಾರ್ಚಿನ ಕೊನೆಯ ದಿನ ಅದೇ ಕೋಣೆಯಲ್ಲಿ ಬೀಳ್ಕೊಡುಗೆ. ಮಿರ್ಚಿ ಭಜಿ, ಬಾಳೆಹಣ್ಣು, ಸ್ಟೀಲ್ ಲೋಟದಲ್ಲಿ ಚಹಾ. ಪೈಲಟ್‌ಗಳು, ಸಾಮಾನು ಎತ್ತುವವರು, ಟಿಕೆಟ್ ಕಿಟಕಿಯ ಹುಡುಗಿಯರು, ಎಲ್ಲ ಸೇರಿದ್ದರು. ಕಿತ್ತೂರ ಶಾಲು ಹೊದಿಸಿ, ರತ್ನಕ್ಕನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ ಎಂದು ಭಾಷಣ ಮಾಡಿದ. ರತ್ನಕ್ಕ ಮಾತಾಡಲು ಎದ್ದಳು. ಒಂದು ಕೈ ನನ್ನ ಮೇಲಿತ್ತು, ಆಸರೆಗೆ ಹಿಡಿದ ಹಾಗೆ.

ಎಲ್ಲರಿಗೂ ಕೃತಜ್ಞತೆ ಹೇಳಿದಳು. ಆಮೇಲೆ ಅಷ್ಟೇ ಸಾದಾ ದನಿಯಲ್ಲಿ ಹೇಳಿದಳು: "ಒಂದು ಸಲ ಪೈಲಟ್ ಬದಲಿ ನಾನ ಊದೀನಿ. ಈ ಶಾಲು ಹೊದ್ಕೊಂಡು ಅದನ್ನ ಮನೀಗೆ ಒಯ್ಯಾಕ ನನಗ ಆಗೂದಿಲ್ಲ."

ಜನ ನಕ್ಕರು. ಹಂಗಾದ್ರ ವಿಮಾನನೂ ನೀವ ಹಾರಿಸಿದ್ರೇನ್ರಿ ಎಂದ ಕಿತ್ತೂರ. ಮತ್ತೆ ನಗು. ರತ್ನಕ್ಕ ನಗಲಿಲ್ಲ. ನಗು ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಗಿ ಆರಿತು. ಯಾರ ಬದಲಿ ಎಂದು ಕಿತ್ತೂರ ಬೇರೆ ದನಿಯಲ್ಲಿ ಕೇಳಿದ. ಅವಳು ತಲೆ ಅಲ್ಲಾಡಿಸಿ, ತಪ್ಪು ತನ್ನದು, ಹೆಸರು ಹೇಳುವುದಿಲ್ಲ ಎಂದಳು.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ದಾಕ್ಷಾಯಣಿ ಕೂತಿದ್ದಳು. ಹೆಗಲ ಮೇಲೆ ನಾಲ್ಕು ಪಟ್ಟಿ, ಮಡಿಲಲ್ಲಿ ಭಜಿಯ ತಟ್ಟೆ. ಕೂತೇ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹನ್ನೆರಡು ಪೈಲಟ್‌ಗಳಿದ್ದರು, ಅನುಮಾನ ಹನ್ನೆರಡು ಪಾಲಾಗಿ ಕೆಲವು ದಿನದಲ್ಲಿ ಕರಗಿಹೋಗುತ್ತಿತ್ತು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ಎದ್ದು ನಿಂತಳು.

"ಆ ಪೈಲಟ್ ನಾನು."

ಯಾರದೋ ಕೈಯಲ್ಲಿದ್ದ ಲೋಟ ಮೇಜಿಗೆ ತಾಗಿ ಸದ್ದಾಯಿತು. ಸ್ವಿತಿನ್ ಅವಳನ್ನೇ ನೋಡುತ್ತಾ ಅಗಿಯುವುದನ್ನು ನಿಲ್ಲಿಸಿದ. ಅವಳು ಯಾವ ದಿನ, ಯಾವ ಹಾರಾಟ, ಏನು ಕುಡಿದಿದ್ದೆ ಎಂಬುದನ್ನೆಲ್ಲ ಹೇಳಿದಳು. ಅರಿಷ್ಟ ಎಂದಾಗ ಯಾರೋ ಅಯ್ಯೋ ಅಷ್ಟೇನಾ ಎಂದರು. ಅಷ್ಟೇ ಅಲ್ಲ, ಮುಖ ತಿರುಗಿಸಿ ನಿಂತದ್ದು ನಾನು ಎಂದಳು.

"ನಿನ್ನ ಹೆಸರ ನಾ ತಗದಿರಲಿಲ್ಲಲ್ಲ, ತಂಗಿ" ಎಂದಳು ರತ್ನಕ್ಕ. ಎರಡು ವರ್ಷದ ಮೇಲೆ ಆ ತಂಗಿ ಎಂಬ ಮಾತು ನನ್ನ ಕಿವಿಗೆ ಬಿತ್ತು.

"ಗೊತ್ತೈತ್ರಿ ಅಕ್ಕಾರ. ನೀವು ಹೇಳೂಕಿಂತ ಮೊದಲ ನಾ ಮ್ಯಾನೇಜರ್ ಮುಂದ ಹೇಳಬೇಕಿತ್ತು. ಇದರಾಗೂ ನಿಮ್ಮ ಹಿಂದ ಬಿದ್ದೆ."

ಅವತ್ತೇ ಸಂಜೆ ನನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿ ಕಂಪನಿಯ ದೊಡ್ಡ ಆಫೀಸಿಗೆ ಕಳಿಸಿದರು. ಸಾಕ್ಷಿ ಎಂದು ಚೀಲದ ಮೇಲೆ ಬರೆದಿದೆ. ವಿಚಾರಣೆ ನಡೆಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಹತ್ತಿರ ಅಂಕಿ ಬಿಟ್ಟು ಬೇರೆ ಏನಿತ್ತು? ಈಗ ಕಪಾಟಿನ ಕೆಳಗಿನ ಗೂಡಿನಲ್ಲಿ ಹಳೆಯ ಫೈಲುಗಳ ನಡುವೆ ಇದ್ದೇನೆ. ಬ್ಯಾಟರಿ ಬತ್ತಿದೆ. ತಿದ್ದುವವರಿಲ್ಲದೆ ನನ್ನೊಳಗಿನ ಸೊನ್ನೆಯೂ ಎತ್ತಲೋ ಸರಿದಿರಬೇಕು.

ಕಪಾಟಿನ ಮುಂದೆ ಚಹಾ ಕುಡಿಯಲು ನಿಲ್ಲುವ ಗುಮಾಸ್ತರ ಮಾತಿನಿಂದ ಉಳಿದದ್ದು ತಿಳಿಯಿತು. ರತ್ನಕ್ಕನಿಗೆ ಎಚ್ಚರಿಕೆ ಕೊಟ್ಟು, ಇನ್ನು ಇಂಥ ಕೆಲಸ ಮಾಡಕೂಡದು ಎಂದು ಬರೆಸಿಕೊಂಡು ಬಿಟ್ಟರಂತೆ. ದಾಕ್ಷಾಯಣಿಯ ಲೈಸೆನ್ಸ್ ಬಹಳ ದಿನ ತಡೆಹಿಡಿದರು, ಕ್ಯಾಪ್ಟನ್ ಪದವಿ ಹೋಯಿತು. ಊರಿನ ಬಾಯಿ ಹೇಳುವುದನ್ನು ಹೇಳಿತು. ಅವಳು ಮತ್ತೆ ಟ್ಯೂಷನ್ ಹೇಳಿದಳು. ಈಗ ಪೂರ್ವದ ಕಡೆಯ ಯಾವುದೋ ಸಣ್ಣ ಕಂಪನಿಯಲ್ಲಿ ಎರಡು ಪಟ್ಟಿಯೊಂದಿಗೆ ಬಲಗಡೆಯ ಸೀಟಿನಲ್ಲಿ ಕೂರುತ್ತಾಳೆ. ಮೊದಲ ಸಲ ಜೊತೆಯಾದವರಿಗೆ, ಅವರು ಬೇರೆಯವರ ಬಾಯಿಂದ ಕೇಳುವ ಮೊದಲು, ತಾನೇ ಎಲ್ಲ ಹೇಳಿಬಿಡುತ್ತಾಳಂತೆ. ಕೆಲವರು ಅವಳ ಜೊತೆ ಹಾರುವುದನ್ನು ತಪ್ಪಿಸಿಕೊಳ್ಳುತ್ತಾರೆ. ಕೆಲವರು ಕೇಳಿ ಸುಮ್ಮನೆ ಕೂತು ಬೆಲ್ಟು ಬಿಗಿದುಕೊಳ್ಳುತ್ತಾರೆ.

ಅವಳಿಗೆ ಬಾಯಿದೆ, ಪ್ರತಿಸಲ ಹೇಳಿ ಪ್ರತಿಸಲ ತಲೆ ತಗ್ಗಿಸಬಲ್ಲಳು. ರತ್ನಕ್ಕನೂ ಹೇಳಿಕೊಂಡಳು. ಮೂವರಲ್ಲಿ ಬಾಯಿ ಬಿಡದೆ ಉಳಿದವನು ನಾನೊಬ್ಬನೇ. ಸಾವಿರಾರು ಜನರ ಉಸಿರನ್ನು ಒಳಗೆ ಎಳೆದುಕೊಂಡು ತೀರ್ಪು ಕೊಟ್ಟವನಿಗೆ ತನ್ನದೆಂದು ಒಂದು ಉಸಿರೂ ಇರಲಿಲ್ಲ. ಅದಕ್ಕೇ ಇಷ್ಟು ಹೊತ್ತು ನಿಮ್ಮನ್ನು ಕೂರಿಸಿಕೊಂಡು ಹೇಳಿದೆ. ನಾನು ಕೊಟ್ಟ ಚೀಟಿಗಳಲ್ಲಿ ಒಂದು ಸುಳ್ಳು.